ಕರಿ ನಾಗರಗಳು ಕೇಳುವ ಪ್ರಶ್ನೆ

ಕಾನೂನೆಂದರೆ ನಮಗೆ ಕೋರ್ಟು, ಕರಿಕೋಟು ನೆನಪಾಗುತ್ತದೆ. ಬಡ ಹೆಣ್ಣಿಗೆ ಅದು ಮೊದಲು ಎದುರಾಗುವುದು ಮೊಹಲ್ಲಾದಲ್ಲಿ, ಜಮಾಅತಿನ ಮುಂದೆ. ವಕೀಲೆಯೂ ಆಗಿರುವ ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯ ತಿರುಳು ಇದೇ. ಗಿರೀಶ್ ಕಾಸರವಳ್ಳಿಯವರ 'ಹಸೀನಾ' (2004) ಚಿತ್ರಕ್ಕೂ, 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೂ ಈ ಕಥೆ ಸಂದಿದೆ.

ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಕೈಬಿಟ್ಟ ಆಶ್ರಫ್, ಮಕ್ಕಳೊಂದಿಗೆ ಮಸೀದಿಗೆ ಬಂದು ಕೂರುತ್ತಾಳೆ. ಆಕೆ ಕೇಳುವುದು ಶರೀಅತ್ ಕೊಟ್ಟಿರುವ ಹಕ್ಕನ್ನೇ. ಕಥೆಯನ್ನು ಇಸ್ಲಾಮಿನ ನಿಂದನೆಯೆಂದು ಸಿಟ್ಟಾಗುವವರೂ, ಇಸ್ಲಾಮಿನ ವಿರುದ್ಧ ಸಾಕ್ಷಿಯೆಂದು ಹಿಗ್ಗುವವರೂ ಇದನ್ನು ಮರೆಯುತ್ತಾರೆ. ಇಲ್ಲಿ ಕಟಕಟೆಯಲ್ಲಿರುವುದು ಧರ್ಮದ ಹೆಸರಿನಲ್ಲಿ ನ್ಯಾಯವನ್ನು ಮುಂದೂಡುವ ಮುತವಲ್ಲಿ.

ಕೊನೆಗೆ ಮಗು ಸಾಯುತ್ತದೆ, ಹೆಂಗಸರ ಶಾಪ ಮುತವಲ್ಲಿಯನ್ನು ಬೆನ್ನಟ್ಟುತ್ತದೆ. ಕಥೆಯಾಗಿ ಈ ಅಂತ್ಯ ಕಾಡುತ್ತದೆ. ಆದರೆ ಶಾಪದಿಂದ ಹೊಟ್ಟೆ ತುಂಬದು. ಕೈಬಿಟ್ಟ ಹೆಂಡತಿ ಮಕ್ಕಳಿಗೆ ಜೀವನಾಂಶ ಕೊಡಿಸಲು 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 125ನೇ ಕಲಮಿತ್ತು. 2024ರ ಜುಲೈಯಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಣ್ಣಿಗೆ ಉಚಿತ ವಕೀಲರ ನೆರವೂ ಉಂಟು. ಶರೀಅತ್ತೂ ಕಲಮೂ ಒಂದೇ ಹೊಣೆಯನ್ನು ಗಂಡನ ಹೆಗಲಿಗೆ ಹೊರಿಸುತ್ತವೆ. ಎರಡೂ ಆಶ್ರಫಳನ್ನು ತಲುಪುವುದಿಲ್ಲ, ಏಕೆಂದರೆ ತಿಳಿದವರು ಬಾಯಿ ಬಿಡುವುದಿಲ್ಲ.

ಹೆಂಡತಿ ಮಕ್ಕಳ ನಫಕಾ ಗಂಡನ ಕಡ್ಡಾಯ ಹೊಣೆಯೆಂದು ಎಷ್ಟು ಜುಮಾ ಪ್ರವಚನಗಳಲ್ಲಿ ನಾವು ಕೇಳಿದ್ದೇವೆ? ಇದಕ್ಕೆ ಉತ್ತರಿಸದೆ ಈ ಕಥೆಯನ್ನು ಮೆಚ್ಚಿಯೂ ಫಲವಿಲ್ಲ, ಜರೆದೂ ಫಲವಿಲ್ಲ.