ಕಚೇರಿಯ ಬರಹವೂ ಪ್ರಸಾದಗುಣವೂ

ಕಾರ್ಕಳದ ಸಮೀಪದ ನಂದಳಿಕೆಯ ಮುದ್ದಣನು (1870–1901) ಶ್ರೀರಾಮಾಶ್ವಮೇಧದಲ್ಲಿ ತನ್ನ ಸಂಸ್ಕೃತಪ್ರಿಯತೆಯನ್ನು ಮನೋರಮೆಯಿಂದಲೇ ತಿದ್ದಿಸಿಕೊಂಡನು. ಆಕೆಯ ಆಕ್ಷೇಪವು ಇಂದಿನ ಕಚೇರಿಗಳ ಬರಹಕ್ಕೂ ಸಲ್ಲುತ್ತದೆ. ‘ಸ್ಟ್ರಾಟೆಜಿಕ್ ಅಲೈನ್‌ಮೆಂಟ್’ ಎಂಬಲ್ಲಿ ಯಾರು ಏನನ್ನು ಮಾಡಬೇಕೆಂಬುದೇ ತಿಳಿಯದು. ಅದನ್ನು ‘ಕಾರ್ಯತಂತ್ರ ಸಮನ್ವಯೀಕರಣ’ವೆಂದು ಮಾರ್ಪಡಿಸಿದರೂ ಕತ್ತಲೆ ಹರಿಯದು; ಸಂಸ್ಕೃತವನ್ನೋದಿದ ನಾವೂ ಈ ದೋಷದಲ್ಲಿ ಪಾಲುಗಾರರು.

ಅನ್ಯಶಬ್ದಗಳ ಬಹಿಷ್ಕಾರವು ಇದಕ್ಕೆ ಮದ್ದಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾದ ಸಂಸ್ಥೆಯು 1928ರಲ್ಲಿ ‘ಪಿಗ್ಮಿ’ ಠೇವಣಿಯನ್ನು ತೊಡಗಿಸಿತು. ಶಬ್ದವು ಇಂಗ್ಲಿಷಿನದು, ಆದರೆ ದಿನಕ್ಕೆರಡಾಣೆಯನ್ನು ಮನೆಬಾಗಿಲಲ್ಲೇ ಕೊಟ್ಟವರಿಗೆ ಅದರ ಅರ್ಥವು ಕರತಲಾಮಲಕ. ಪ್ರಸಿದ್ಧಾರ್ಥವುಳ್ಳುದೇ ಪ್ರಸಾದವೆಂಬ ದಂಡಿಯ ಲಕ್ಷಣಕ್ಕೆ ಇದಕ್ಕಿಂತ ಬೇರೆ ಲಕ್ಷ್ಯವೇಕೆ? ಶಬ್ದದ ಕುಲವನ್ನು ವಿಚಾರಿಸುವುದಕ್ಕೆ ಮೊದಲು, ಕಾಗದಕ್ಕೆ ರುಜು ಹಾಕುವವನು ತಾನು ಒಪ್ಪಿದುದೇನೆಂಬುದನ್ನು ಬಲ್ಲನೇ ಎಂದು ವಿಚಾರಿಸತಕ್ಕದ್ದು.