ಕರುಣೆಯೊಂದೇ ಸಾಕೇ?

ಅಮೆರಿಕದ ಅಲಬಾಮ ರಾಜ್ಯದಲ್ಲಿ ಮನ್ರೋವಿಲ್ ಎಂಬ ಸಣ್ಣ ಊರಿದೆ. ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಬರೆದ ಹಾರ್ಪರ್ ಲೀಯವರ ಹುಟ್ಟೂರು ಅದು. ಮಾಡದ ತಪ್ಪಿಗೆ ಸಿಕ್ಕಿಬಿದ್ದ ಕಪ್ಪು ಮನುಷ್ಯನ ಪರವಾಗಿ ಬಿಳಿಯ ವಕೀಲನೊಬ್ಬ ವಾದಿಸುವ ಆ 1960ರ ಕಾದಂಬರಿ ಎಂದರೆ ಊರಿನವರಿಗೆ ಬಲು ಹೆಮ್ಮೆ. ಹಳೆಯ ಕೋರ್ಟ್ ಕಟ್ಟಡವನ್ನೇ ಮ್ಯೂಸಿಯಂ ಮಾಡಿಟ್ಟಿದ್ದಾರೆ. ಅದೇ ಊರಿನ ಸೀಮೆಯಲ್ಲಿ 1987ರಲ್ಲಿ ವಾಲ್ಟರ್ ಮೆಕ್‌ಮಿಲಿಯನ್ ಎಂಬ ಕಪ್ಪು ಮನುಷ್ಯನನ್ನು ಅವನು ಮಾಡದ ಕೊಲೆಗಾಗಿ ಬಂಧಿಸಿದರು. ಕಾದಂಬರಿ ಓದಿ ಕಣ್ಣೀರಿಟ್ಟವರು ಆಗ ಎಲ್ಲಿದ್ದರು ಎಂದು ಕೇಳಬೇಕೆನಿಸುತ್ತದೆ.

ಅವನ ಪರವಾಗಿ ನಿಂತ ವಕೀಲ ಬ್ರಯಾನ್ ಸ್ಟೀವನ್‌ಸನ್ 2014ರಲ್ಲಿ ಬರೆದ ಪುಸ್ತಕವೇ ‘ಜಸ್ಟ್ ಮರ್ಸಿ’. ಈತ ಗುಲಾಮರಾಗಿದ್ದವರ ಮಗಳೊಬ್ಬಳ ಮೊಮ್ಮಗ. ಹಾರ್ವರ್ಡ್‌ನಲ್ಲಿ ಕಾನೂನು ಓದಿ, 1989ರಲ್ಲಿ ಅಲಬಾಮದಲ್ಲೇ ಬಡಕೈದಿಗಳಿಗಾಗಿ ಸಂಸ್ಥೆ ಕಟ್ಟಿದವರು. ಕಾನೂನಿನ ಪುಸ್ತಕವೆಂದು ಹೆದರಬೇಡಿ. ಕಥೆ ಹೇಳುವ ಕಲೆ ಅವರಿಗೆ ಸಿದ್ಧಿಸಿದೆ.

ಮೆಕ್‌ಮಿಲಿಯನ್ ಮರ ಕಡಿದು ಬದುಕುತ್ತಿದ್ದವನು. ವಿವಾಹಿತನಾಗಿದ್ದೂ ಬಿಳಿಯ ಹೆಂಗಸೊಬ್ಬಳ ಜೊತೆ ಸಂಬಂಧವಿಟ್ಟುಕೊಂಡಿದ್ದ. ಊರು ಅದನ್ನು ಮರೆತಿರಲಿಲ್ಲ. 1986ರಲ್ಲಿ ಬಟ್ಟೆ ಒಗೆಯುವ ಅಂಗಡಿಯಲ್ಲಿ ಹದಿನೆಂಟರ ಹುಡುಗಿಯ ಕೊಲೆಯಾದಾಗ ಅವನು ಮನೆಯಲ್ಲಿದ್ದ. ಅಂದು ಅಲ್ಲಿ ಚರ್ಚಿನ ಸಹಾಯಕ್ಕಾಗಿ ಮೀನು ಕರಿದು ಮಾರುತ್ತಿದ್ದರು. ನೋಡಿದವರು ಎಷ್ಟೋ ಜನ. ಆದರೂ ವಿಚಾರಣೆಗೆ ಮೊದಲೇ ಅವನನ್ನು ಮರಣದಂಡನೆಯ ಕೈದಿಗಳ ನಡುವೆ ಇಟ್ಟರು. ಮೊಕದ್ದಮೆಯನ್ನು ಕಪ್ಪು ಜನ ಕಡಿಮೆಯಿರುವ ಬೇರೆ ಕೌಂಟಿಗೆ ಸಾಗಿಸಿದರು. ಹನ್ನೆರಡು ಜ್ಯೂರಿಗಳಲ್ಲಿ ಹನ್ನೊಂದು ಮಂದಿ ಬಿಳಿಯರು. ಒಂದೂವರೆ ದಿನದಲ್ಲಿ ಎಲ್ಲ ಮುಗಿಯಿತು.

ಬಣ್ಣ ನೋಡಿ ಜ್ಯೂರಿಗಳನ್ನು ಕೈಬಿಡಕೂಡದು ಎಂದು ಅಮೆರಿಕದ ಸುಪ್ರೀಂ ಕೋರ್ಟು 1986ರಲ್ಲೇ ಹೇಳಿತ್ತು. ಆದರೆ ಬೇರೇನೋ ನೆಪ ಹೇಳಿ ಕೈಬಿಡುವುದು ನಿಲ್ಲಲಿಲ್ಲ. ಜ್ಯೂರಿಗಳು ಜೀವಾವಧಿ ಸಾಕೆಂದರೂ ನ್ಯಾಯಾಧೀಶರು ಅದನ್ನು ತಳ್ಳಿಹಾಕಿ ಮರಣದಂಡನೆ ಕೊಟ್ಟರು. ಅಲಬಾಮದಲ್ಲಿ ಆ ಅಧಿಕಾರವಿತ್ತು. 2017ರಲ್ಲಿ ಅದನ್ನು ತೆಗೆದುಹಾಕಿದರು. ಆದರೆ ಅದಕ್ಕೆ ಮೊದಲೇ ಶಿಕ್ಷೆಯಾದವರಿಗೆ ಹೊಸ ಕಾಯ್ದೆ ಅನ್ವಯಿಸಲಿಲ್ಲ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ! ಮುಖ್ಯ ಸಾಕ್ಷಿಯೇ ತಾನು ಸುಳ್ಳು ಹೇಳಿದ್ದೆನೆಂದು ಒಪ್ಪಿಕೊಂಡ ಮೇಲೆ, 1993ರಲ್ಲಿ ಮೆಕ್‌ಮಿಲಿಯನ್ ಹೊರಗೆ ಬಂದ.

ನನ್ನ ಮನಸ್ಸಿನಲ್ಲಿ ಉಳಿದದ್ದು ಕೋರ್ಟಿನ ಜಯಕ್ಕಿಂತ ಅವನ ಮನೆಯವರ ಭೇಟಿ. ಅವನು ನಮ್ಮೆದುರಿಗೇ ಇದ್ದ ಎನ್ನುತ್ತಾರೆ ಬಂಧುಗಳು. ಕೋರ್ಟು ಅವನನ್ನು ಅಪರಾಧಿ ಎಂದಾಗ, ಅವರೆಲ್ಲರನ್ನೂ ಸುಳ್ಳುಗಾರರೆಂದು ಕರೆದಂತಾಯಿತು. ಗಂಡ ತನಗೆ ದ್ರೋಹ ಬಗೆದದ್ದು ಊರಿಗೆಲ್ಲ ಗೊತ್ತಾದ ಮೇಲೂ ಆ ಹೆಂಡತಿ ಅವನ ಪ್ರಾಣಕ್ಕಾಗಿ ಹೋರಾಡುತ್ತಾಳೆ. ಅವಳ ಒಳಗೇನಿತ್ತು ಎಂದು ತಿಳಿಯಲು ನನಗೆ ಇನ್ನಷ್ಟು ಪುಟಗಳು ಬೇಕಿದ್ದವು.

ತಾಯಂದಿರ ಕುರಿತ ಅಧ್ಯಾಯವನ್ನು ಖಂಡಿತ ಓದಿ. ಬಡ ಹೆಂಗಸೊಬ್ಬಳಿಗೆ ಸತ್ತ ಮಗು ಹುಟ್ಟುತ್ತದೆ. ನೆರೆಯವರಿಗೆ ಅನುಮಾನ, ಪೊಲೀಸರು ಬರುತ್ತಾರೆ. ಕೊಂದಳೆಂದು ಜೀವಾವಧಿ ಶಿಕ್ಷೆ. ಮಗು ಕಳೆದುಕೊಂಡವಳಿಗೆ ಅಳುವುದಕ್ಕೂ ಅವಕಾಶವಿಲ್ಲ. ವರ್ಷಗಳ ಮೇಲೆ ಬಿಡುಗಡೆಯಾದಳು. ಅವಳಿದ್ದ ಟಟ್‌ವೈಲರ್ ಜೈಲಿನಲ್ಲಿ ಸಿಬ್ಬಂದಿಯೇ ಹೆಂಗಸರ ಮೇಲೆ ಲೈಂಗಿಕ ದೌರ್ಜನ್ಯ ನಡೆಸುತ್ತಿದ್ದರೆಂದು 2014ರಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆಯೇ ಹೇಳಿತು. ಇಂಥ ವಿಷಯಕ್ಕೆ ಒಂದು ಅಧ್ಯಾಯ ಸಾಲದು.

ಇನ್ನೊಂದು ಕೊರತೆಯನ್ನೂ ಹೇಳಬೇಕು. ಕೊಲೆಯಾದ ಹುಡುಗಿ ಮೊದಲಲ್ಲಿ ಬಂದು ಮರೆಯಾಗುತ್ತಾಳೆ. ನಿರಪರಾಧಿಯನ್ನು ಹಿಡಿದುಹಾಕಿದ್ದರಿಂದ ಅವಳ ತಂದೆತಾಯಿಗೂ ಅನ್ಯಾಯವಾಯಿತಲ್ಲವೇ? ಮಗಳನ್ನು ಕೊಂದವನು ಸಿಕ್ಕಿದನೆಂದು ಆರು ವರ್ಷ ನಂಬಿಸಿ, ಆಮೇಲೆ ಅವನಲ್ಲ ಎಂದರೆ ಆ ಹೆತ್ತವರು ಏನಾಗಬೇಕು? ಸ್ಟೀವನ್‌ಸನ್ ಈ ಪ್ರಶ್ನೆಯ ಹತ್ತಿರ ಬಂದರೂ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅವರು ಕೈದಿಗಳ ವಕೀಲರು, ಇದು ಸಹಜವೇ. ಆದರೆ ಪೊಲೀಸರ ಸುಳ್ಳಿನ ಬೆಲೆಯನ್ನು ಎರಡೂ ಮನೆಗಳು ತೆತ್ತವು ಎಂಬುದನ್ನು ಒತ್ತಿ ಹೇಳಿದ್ದರೆ, ವಾದ ಇನ್ನೂ ಬಲವಾಗುತ್ತಿತ್ತು.

ಹೆಸರಿನಲ್ಲೇ ಎರಡರ್ಥವಿದೆ: ನ್ಯಾಯವಾದ ಕರುಣೆ, ಬರಿಯ ಕರುಣೆ. ಲೇಖಕರು ಕರುಣೆಯ ಮೇಲೆ ಬಹಳ ಭಾರ ಹಾಕುತ್ತಾರೆ. ಅವರ ಪುಸ್ತಕ ಓದಿದ ಮೇಲೆ ನನಗನಿಸಿದ್ದು ಬೇರೆ. ಮೆಕ್‌ಮಿಲಿಯನ್ ಯಾರ ಕರುಣೆಯನ್ನೂ ಬೇಡಬೇಕಾಗಿರಲಿಲ್ಲ. ಅಂದು ಅವನ ಜೊತೆಯಲ್ಲಿದ್ದವರ ಮಾತನ್ನು ನಂಬಿದ್ದರೆ ಸಾಕಿತ್ತು.