ಬೀಗದ ಕೈ ಯಾರ ಸೊಂಟದಲ್ಲಿ?

ಬಸವನಗುಡಿ, ಜಯನಗರ, ಬನಶಂಕರಿಯ ಕಡೆ ಕನ್ನಡ ವಾರಪತ್ರಿಕೆ ಓದುತ್ತಿದ್ದವರಿಗೆ 2005ರ ಫೆಬ್ರವರಿ ತಿಂಗಳು ನೆನಪಿರಬೇಕು. ಬಸವನಗುಡಿಯಿಂದ ಹೊರಡುತ್ತಿದ್ದ ‘ಲಂಕೇಶ್ ಪತ್ರಿಕೆ’ಯ ಒಳಜಗಳ ಆ ತಿಂಗಳು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿತು. ಪಿ. ಲಂಕೇಶ್ 2000ದ ಜನವರಿಯಲ್ಲಿ ತೀರಿಕೊಂಡ ಮೇಲೆ ಮಗಳು ಗೌರಿ ಸಂಪಾದಕಿಯಾದರು, ವ್ಯವಹಾರವೆಲ್ಲ ಮಗ ಇಂದ್ರಜಿತ್ ಅವರ ಕೈಗೆ ಬಂತು. ಪೊಲೀಸರ ಮೇಲೆ ನಕ್ಸಲರು ನಡೆಸಿದ ದಾಳಿಯ ಬಗ್ಗೆ ಗೌರಿ ಒಪ್ಪಿದ್ದ ವರದಿಯೊಂದನ್ನು ಇಂದ್ರಜಿತ್, ಅದು ನಕ್ಸಲರ ಪರವಾಗಿದೆ ಎಂದು ಹಿಂದಕ್ಕೆ ತೆಗೆದರು. ಅಲ್ಲಿಂದ ಮುಂದೆ ದೂರು, ಪ್ರತಿದೂರು, ಇಬ್ಬರದೂ ಬೇರೆ ಬೇರೆ ಪತ್ರಿಕಾಗೋಷ್ಠಿ. ಅಕ್ಕ ಕಚೇರಿಯಿಂದ ಕಂಪ್ಯೂಟರ್, ಪ್ರಿಂಟರ್, ಸ್ಕ್ಯಾನರ್ ಕದ್ದೊಯ್ದರು ಎಂದು ತಮ್ಮನ ದೂರು. ತಮ್ಮ ರಿವಾಲ್ವರ್ ತೋರಿಸಿ ಹೆದರಿಸಿದರು ಎಂದು ಅಕ್ಕನ ದೂರು.

ಅಕ್ಕ ತಮ್ಮಂದಿರಲ್ಲಿ ಯಾರದು ಸರಿ ಎಂದು ಪಂಚಾಯ್ತಿ ಮಾಡಲು ನಾನು ಕೂತಿಲ್ಲ. ನನ್ನ ಕಣ್ಣು ಹೋದದ್ದು ಆ ಸಾಮಾನಿನ ಪಟ್ಟಿಗೆ. ಮೊಳೆ ಜೋಡಿಸುವ ಕಾಲವಾಗಿದ್ದರೆ ಜಗಳ ಮುದ್ರಣಯಂತ್ರಕ್ಕೋ, ಕಾಗದದ ರೀಲಿಗೋ, ಚಂದಾದಾರರ ವಿಳಾಸದ ಪುಸ್ತಕಕ್ಕೋ ಆಗುತ್ತಿತ್ತು. 2005ರ ಹೊತ್ತಿಗೆ ವಾರದ ಸಂಚಿಕೆ ಹುಟ್ಟುತ್ತಿದ್ದದ್ದೇ ಕಂಪ್ಯೂಟರಿನ ಹೊಟ್ಟೆಯಲ್ಲಿ. ಯಂತ್ರ ಯಾರ ಕೈಯಲ್ಲಿದೆಯೋ ಬರಹವೂ ಅವರ ಕೈಯಲ್ಲಿ.

ನಮ್ಮಂಥ ಹೆಂಗಸರಿಗೆ ಆ ಪತ್ರಿಕೆ ಬರೀ ರಾಜಕೀಯದ ಬೈಗುಳವಾಗಿರಲಿಲ್ಲ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಅದರಲ್ಲೇ. 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅದಕ್ಕೆ ವರದಿ ಮಾಡುತ್ತಿದ್ದವರು. ಅದು ಜಾಹೀರಾತು ತೆಗೆದುಕೊಳ್ಳುತ್ತಿರಲಿಲ್ಲ, ಓದುವವರು ಕೊಟ್ಟ ಕಾಸಿನಲ್ಲೇ ನಡೆಯುತ್ತಿತ್ತು. ಲಂಕೇಶ್ ಇರುವ ತನಕ ಮಾಲೀಕನೂ ಅವರೇ, ಸಂಪಾದಕನೂ ಅವರೇ. ಬೈಯುವುದಿದ್ದರೆ ಒಬ್ಬರನ್ನೇ ಬೈದರೆ ಸಾಕಿತ್ತು. ಅವರು ಹೋದ ಮೇಲೆ ಆ ಎರಡು ಕೆಲಸ ಎರಡು ಕೈಗೆ ಹೋಯಿತು, ಐದು ವರ್ಷದಲ್ಲಿ ಮನೆಯೇ ಇಬ್ಭಾಗವಾಯಿತು.

ಆದರೂ ಗೌರಿಯವರಿಗೆ ಒಂದು ದಾರಿ ಇತ್ತು. ಹೊರಗೆ ಬಂದು ಅದೇ ವರ್ಷ ‘ಗೌರಿ ಲಂಕೇಶ್ ಪತ್ರಿಕೆ’ ತೆಗೆದರು. 2017ರ ಸೆಪ್ಟೆಂಬರ್ 5ರಂದು ರಾಜರಾಜೇಶ್ವರಿನಗರದ ಮನೆಯ ಮುಂದೆ ಅವರ ಕೊಲೆಯಾಗುವ ತನಕ ಅದನ್ನು ನಡೆಸಿದರು. ಇನ್ನು ಹಳೆಯ ಸಂಚಿಕೆಗಳ ಮಾತು. 1980ರಿಂದ ಅಚ್ಚಾಗಿ ಹೋದದ್ದನ್ನು ಅಕ್ಕನಾಗಲಿ ತಮ್ಮನಾಗಲಿ ನಮ್ಮ ನಮ್ಮ ಅಟ್ಟದಿಂದ ಇಳಿಸಿಕೊಂಡು ಹೋಗುವ ಹಾಗಿರಲಿಲ್ಲ. ರದ್ದಿಯವನಿಗೆ ಹಾಕಿದರೂ ನಾವೇ ಹಾಕಬೇಕು.

ಈಗ ಪತ್ರಿಕೆ ಅಂತರ್ಜಾಲಕ್ಕೆ ಹೋಗಿದೆ. ಹಿಂದೆ ಕೂಡು ಕುಟುಂಬದಲ್ಲಿ ಉಗ್ರಾಣದ ಬೀಗದ ಕೈ ಅತ್ತೆಯ ಸೊಂಟದಲ್ಲಿರುತ್ತಿತ್ತು, ಒಲೆಯ ಮುಂದೆ ಸೊಸೆ ಇರುತ್ತಿದ್ದಳು. ಅಡಿಗೆ ಚೆನ್ನಾಗಿಲ್ಲದಿದ್ದರೆ ಬೈಗುಳ ಸೊಸೆಗೆ. ಆದರೆ ಬಡಿಸಿ ಆದ ಮೇಲೆ ಅತ್ತೆಯೂ ಎಲೆಯ ಮೇಲಿನ ಅನ್ನವನ್ನು ವಾಪಸು ತೆಗೆಯುತ್ತಿರಲಿಲ್ಲ. ಜಾಲಪತ್ರಿಕೆಯಲ್ಲಿ ತೆಗೆಯಬಹುದು. ಊಟ ಮಾಡಿ ಎದ್ದವರಿಗೆ ನೀನು ಉಂಡೇ ಇಲ್ಲ ಎಂದೂ ಹೇಳಬಹುದು.

ಇದು ಉತ್ಪ್ರೇಕ್ಷೆಯಲ್ಲ. ನಮ್ಮ ಶಾಲೆಯ ಹುಡುಗಿಯೊಬ್ಬಳು ಚರ್ಚಾಸ್ಪರ್ಧೆಗೆಂದು ಒಂದು ಜಾಲತಾಣದ ವರದಿ ಓದಿ ಟಿಪ್ಪಣಿ ಮಾಡಿಕೊಂಡಿದ್ದಳು. ತೀರ್ಪುಗಾರರು ಆಧಾರ ಕೇಳಿದರು. ಮೊಬೈಲಿನಲ್ಲಿ ಹುಡುಕಿದರೆ ಆ ಪುಟ ಲಭ್ಯವಿಲ್ಲ ಎಂದು ಬಂತು. ಏಕೆ ತೆಗೆದರು, ಯಾರು ತೆಗೆಸಿದರು, ವರದಿ ತಪ್ಪಾಗಿತ್ತೇ, ಒಂದು ಸಾಲಿನ ವಿವರಣೆಯೂ ಇಲ್ಲ. ಹುಡುಗಿ ಮಾತ್ರ ನಾಲ್ಕು ಜನರೆದುರು ಸುಳ್ಳಿಯಾದಳು. ಗ್ರಂಥಾಲಯದಲ್ಲಿ ಹರಿದ ಪತ್ರಿಕೆಯಾದರೆ ಹರಿದ ಗುರುತಾದರೂ ಇರುತ್ತದೆ.

ದೊಡ್ಡ ಉದಾಹರಣೆ ಬೇಕೆಂದರೆ ಮುಂಬಯಿಯ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ ಇದೆ. 1966ರಿಂದ ಬರುತ್ತಿರುವ, ಪಂಡಿತರು ಓದುವ ಪತ್ರಿಕೆ. ಅದರ ಒಡೆತನ ಸಮೀಕ್ಷಾ ಟ್ರಸ್ಟಿನದು, ಟ್ರಸ್ಟಿನಲ್ಲಿದ್ದವರೂ ಹೆಸರಾಂತ ವಿದ್ವಾಂಸರು. 2017ರ ಜೂನಿನಲ್ಲಿ ಅದಾನಿ ಸಮೂಹದ ಬಗ್ಗೆ ಒಂದು ಲೇಖನ ಅದರ ಜಾಲತಾಣದಲ್ಲಿ ಬಂತು. ಕಂಪನಿಯ ವಕೀಲರ ನೋಟೀಸು ಬಂತು. ಜುಲೈ 18ರಂದು ಟ್ರಸ್ಟಿನವರು ಸಭೆ ಸೇರಿ ಲೇಖನ ಇಳಿಸಬೇಕೆಂದರು. ಸಂಪಾದಕ ಪರಂಜಯ್ ಗುಹಾ ಠಾಕುರ್ತಾ ರಾಜೀನಾಮೆ ಕೊಟ್ಟು ಎದ್ದರು. ತಮ್ಮನ್ನು ಕೇಳದೆ ಸಂಪಾದಕರೇ ವಕೀಲರನ್ನು ಹಿಡಿದು ಉತ್ತರ ಕೊಟ್ಟದ್ದು ತಪ್ಪು ಎಂದು ಟ್ರಸ್ಟಿನ ವಾದ. ಆ ದೂರಿನಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಆದರೆ ಸಂಪಾದಕರ ಮೇಲಿನ ಸಿಟ್ಟಿಗೆ ಲೇಖನವನ್ನೇಕೆ ಇಳಿಸಬೇಕು? ಲೇಖನ ತಪ್ಪಾಗಿದ್ದರೆ ಎಲ್ಲಿ ತಪ್ಪಾಗಿದೆ ಎಂದು ಅದರ ಕೆಳಗೇ ಬರೆಯಬಹುದಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ‘ಹಿಂದೂಸ್ತಾನ್ ಟೈಮ್ಸ್’ ಜಾಲತಾಣದಿಂದ ದ್ವೇಷದ ಅಪರಾಧಗಳ ಲೆಕ್ಕವಿಡುತ್ತಿದ್ದ ಪುಟ ಮಾಯವಾಯಿತು. ಅದನ್ನು ಶುರು ಮಾಡಿದ ಸಂಪಾದಕ ಬಾಬಿ ಘೋಷ್ ಕೆಲಸ ಬಿಡುವ ಸುದ್ದಿ ಹೊರಬಿದ್ದು ಹೆಚ್ಚು ದಿನವಾಗಿರಲಿಲ್ಲ.

2017 ಅದೇಕೋ ಇಂಥದ್ದಕ್ಕೇ ಹುಟ್ಟಿದ ವರ್ಷ. ನ್ಯೂಯಾರ್ಕಿನಲ್ಲಿ ‘ಡಿಎನ್‌ಎಇನ್ಫೋ’, ‘ಗಾಥಮಿಸ್ಟ್’ ಎಂಬ ಎರಡು ಜಾಲಪತ್ರಿಕೆಗಳಿದ್ದವು. ಬೀದಿ, ಬಡಾವಣೆ, ಬಾಡಿಗೆ, ಶಾಲೆ ಇಂಥ ಸುದ್ದಿ ಅವುಗಳದು. ಷೇರು ದಲ್ಲಾಳಿ ಕಂಪನಿ ಕಟ್ಟಿ ಶ್ರೀಮಂತರಾದ ಜೋ ರಿಕೆಟ್ಸ್ ಮಾಲೀಕರು. ಅಕ್ಟೋಬರ್ ಕೊನೆಯಲ್ಲಿ ಅಲ್ಲಿನ ಸಂಪಾದಕೀಯ ಬಳಗ ನೌಕರರ ಸಂಘಕ್ಕೆ ಸೇರಲು ಮತ ಹಾಕಿತು. ಒಂದು ವಾರಕ್ಕೆ, ನವೆಂಬರ್ 2ರಂದು, ಮಾಲೀಕರು ಎರಡನ್ನೂ ಮುಚ್ಚಿದರು. ಲಾಭ ಬರಲಿಲ್ಲ ಎಂದು ಕಾರಣ ಕೊಟ್ಟರು. 115 ಜನರ ಕೆಲಸ ಹೋಯಿತು. ಅಂಗಡಿ ಮುಚ್ಚುವುದು ಅವರ ಹಕ್ಕು ಅನ್ನೋಣ. ಆದರೆ ಅಂದು ಯಾವ ಹಳೆಯ ವರದಿಯನ್ನು ತೆರೆಯಹೋದರೂ ಅದರ ಜಾಗದಲ್ಲಿ ಮಾಲೀಕರ ಪತ್ರವೊಂದೇ ಕಾಣುತ್ತಿತ್ತು. ವರ್ಷಗಟ್ಟಲೆ ಬರೆದವರು ತಮ್ಮ ಬರಹದ ಒಂದು ಪ್ರತಿ ತೆಗೆದುಕೊಳ್ಳಲೂ ಸಮಯ ಸಿಗಲಿಲ್ಲ. ಗದ್ದಲವಾದ ಮೇಲೆ ಹಳೆಯದನ್ನು ಮತ್ತೆ ಇಟ್ಟರು. ಜೆ.ಪಿ. ನಗರದ ಕೆರೆಯ ಸುದ್ದಿಯೋ, ಬಿಟಿಎಂ ಬಡಾವಣೆಯ ಮಳೆನೀರಿನ ಮೋರಿಯ ಸುದ್ದಿಯೋ ಹೀಗೆ ಒಂದು ಸಂಜೆ ಕಣ್ಮರೆಯಾದರೆ ನಮ್ಮ ಬಡಾವಣೆಯ ಪರವಾಗಿ ಕಾಗದ ಹಿಡಿದು ನಿಲ್ಲುವವರು ಯಾರು?

ನಮ್ಮ ಊರಿನ ಒಡೆಯರೇನೂ ಕಮ್ಮಿಯಲ್ಲ, ರೀತಿ ಬೇರೆ ಅಷ್ಟೆ. 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಜುಪಿಟರ್ ಕ್ಯಾಪಿಟಲ್ ಕಂಪನಿಯ ಮೇಲಧಿಕಾರಿಯೊಬ್ಬರ ಮಿಂಚಂಚೆ ಬಯಲಾಯಿತು. ಆಗ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರ ಕಂಪನಿ ಅದು. ‘ಕನ್ನಡಪ್ರಭ’, ಸುವರ್ಣ ನ್ಯೂಸ್, ಏಷ್ಯಾನೆಟ್ ನ್ಯೂಸ್ ಮತ್ತು ಅಂತರ್ಜಾಲದ ‘ನ್ಯೂಸೇಬಲ್’ ಇವುಗಳ ಸಂಪಾದಕೀಯ ಮುಖ್ಯಸ್ಥರಿಗೆ ಬರೆದದ್ದು. ಬಲಪಂಥದ ಕಡೆ ಒಲವುಳ್ಳ, ಸೈನ್ಯದ ಪರವಾದ, ಅಧ್ಯಕ್ಷರ ವಿಚಾರಕ್ಕೆ ಹೊಂದುವವರನ್ನೇ ಕೆಲಸಕ್ಕೆ ತೆಗೆದುಕೊಳ್ಳಬೇಕೆಂಬುದು ಸಾರಾಂಶ. ಆಮೇಲೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಇನ್ನೊಂದು ಬರೆದರು. ನನಗೆ ಎರಡನೆಯದಕ್ಕಿಂತ ಮೊದಲನೆಯದೇ ಪ್ರಾಮಾಣಿಕವಾಗಿ ಕಂಡಿತು. ಮನಸ್ಸಿನಲ್ಲಿದ್ದದ್ದನ್ನು ಬರೆದಿದ್ದರಲ್ಲ! ಬರೆದ ಮೇಲೆ ಅಳಿಸುವುದಕ್ಕಿಂತ ಬರೆಯುವವರನ್ನೇ ಆರಿಸಿಕೊಂಡರೆ ಅಳಿಸುವ ತೊಂದರೆಯೇ ಇಲ್ಲ.

ಮಾಲೀಕರ ಕಡೆಗೂ ನ್ಯಾಯವಿದೆ. ಸಂಬಳ ಕೊಡಬೇಕಾದವರು ಅವರು, ಮಾನನಷ್ಟದ ಮೊಕದ್ದಮೆಯಲ್ಲಿ ಕೋಟ್ಯಂತರದ ಬೆದರಿಕೆ ಬರುವುದು ಅವರಿಗೆ. ಜಾಲದಲ್ಲಿ ಪುಕ್ಕಟೆ ಓದುವ ನಾವು ಹಾಲಿನವನಿಗೆ ಕೊಡುವಷ್ಟು ಗೌರವವನ್ನೂ ಪತ್ರಿಕೆಗೆ ಕೊಡುವುದಿಲ್ಲ. ದುಡ್ಡು ಕೊಡದವರ ಮಾತಿಗೆ ಮನೆಯಲ್ಲೇ ಬೆಲೆಯಿಲ್ಲ, ಪತ್ರಿಕೆಯಲ್ಲಿ ಎಲ್ಲಿಂದ ಬರಬೇಕು?

ಬೇರೆ ದಾರಿ ಹುಡುಕಿದವರೂ ಇದ್ದಾರೆ. ವಡ್ಡರ್ಸೆ ರಘುರಾಮ ಶೆಟ್ಟರು ‘ಪ್ರಜಾವಾಣಿ’ ಬಿಟ್ಟು 1984ರಲ್ಲಿ ಮಂಗಳೂರಿನಲ್ಲಿ ಓದುಗರಿಂದಲೇ ಷೇರು ಎತ್ತಿ ‘ಮುಂಗಾರು’ ದಿನಪತ್ರಿಕೆ ಕಟ್ಟಿದರು. ಅದು ಉಳಿಯಲಿಲ್ಲ, ಆದರೆ ಅಲ್ಲಿ ಪಳಗಿದ ಪತ್ರಕರ್ತರು ಕನ್ನಡದಲ್ಲಿ ಉಳಿದರು. ಅಮೆರಿಕದ ‘ಡೆಡ್‌ಸ್ಪಿನ್’ ಜಾಲಪತ್ರಿಕೆಯಲ್ಲಿ 2019ರಲ್ಲಿ ಆಟೋಟ ಬಿಟ್ಟು ಬೇರೆ ಬರೆಯಬೇಡಿ ಎಂದು ಒಡೆಯರು ಕಟ್ಟುಮಾಡಿದಾಗ ಬರೆಯುವವರೆಲ್ಲ ರಾಜೀನಾಮೆ ಕೊಟ್ಟರು, ಮರುವರ್ಷ ‘ಡಿಫೆಕ್ಟರ್’ ಎಂದು ತಮ್ಮದೇ ಒಡೆತನದ್ದು ತೆರೆದು ಓದುಗರ ಚಂದಾದಲ್ಲಿ ನಡೆಸಿದರು. ನಮ್ಮ ಬೆಂಗಳೂರಿನಲ್ಲಿ 2008ರಲ್ಲಿ ಶುರುವಾದ ‘ಸಿಟಿಜನ್ ಮ್ಯಾಟರ್ಸ್’ ಇದೆ. ಲಾಭದ ಗೊಡವೆಯಿಲ್ಲದ ಟ್ರಸ್ಟು ನಡೆಸುವ, ದೇಣಿಗೆಯ ಮೇಲೆ ನಿಂತ ಇಂಗ್ಲಿಷ್ ಜಾಲಪತ್ರಿಕೆ. ಟ್ರಸ್ಟಾದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ ಎಂಬುದಕ್ಕೆ ಮುಂಬಯಿಯ ಕಥೆಯನ್ನು ಹೇಳಿದೆನಲ್ಲ.

ಕಾನೂನು ಇನ್ನೂ ಅಚ್ಚಿನ ಕಾಲದಲ್ಲೇ ಇದೆ. 1954ರ ಕಾಯಿದೆಯ ಪ್ರಕಾರ ಪುಸ್ತಕದ ಪ್ರತಿಗಳನ್ನು ಸಾರ್ವಜನಿಕ ಗ್ರಂಥಾಲಯಗಳಿಗೆ ಕಳಿಸಬೇಕು, 1956ರಲ್ಲಿ ಅದಕ್ಕೆ ಪತ್ರಿಕೆಗಳನ್ನೂ ಸೇರಿಸಿದರು. ಮಾಲೀಕ ಮುನಿದರೂ ಗ್ರಂಥಾಲಯದ ಪ್ರತಿ ಉಳಿಯುತ್ತದೆ. ಜಾಲಪತ್ರಿಕೆಗೆ ಅಂಥ ಮನೆಯೇ ಇಲ್ಲ. 1955ರ ಕಾರ್ಯನಿರತ ಪತ್ರಕರ್ತರ ಕಾಯಿದೆಗೆ ಗೊತ್ತಿದ್ದದ್ದೂ ಅಚ್ಚಿನ ಪತ್ರಿಕೆ ಮಾತ್ರ. ಡಿಜಿಟಲ್ ಪತ್ರಕರ್ತರೂ ಪತ್ರಕರ್ತರೇ ಎಂದು 2020ರ ಕಾರ್ಮಿಕ ಸಂಹಿತೆಯಲ್ಲಿ ಬರೆದರು.

ತೆಗೆದ ಕಡೆ ‘ಈ ಬರಹವನ್ನು ಇಂಥ ದಿನ, ಇಂಥ ಕಾರಣಕ್ಕೆ, ಇಂಥವರ ತೀರ್ಮಾನದಂತೆ ತೆಗೆಯಲಾಗಿದೆ’ ಎಂದು ಒಂದು ಸಾಲು ಬಿಡಲು ಕಾಯಿದೆಯೂ ಬೇಕಿಲ್ಲ, ಖರ್ಚೂ ಇಲ್ಲ. ಸಂಪಾದಕರ ಹೆಸರು ಹಾಕಲೂ ಅಷ್ಟೆ. ಅಚ್ಚಿನ ಪತ್ರಿಕೆಯ ಕೊನೆಯ ಪುಟದ ಅಡಿಯಲ್ಲಿ ಮುದ್ರಕ, ಪ್ರಕಾಶಕ, ಸಂಪಾದಕ ಎಂದು ಇರುವೆ ಸಾಲಿನಂಥ ಅಕ್ಷರವಿರುತ್ತಿತ್ತು, ನಾವ್ಯಾರೂ ಓದುತ್ತಿರಲಿಲ್ಲ. ಈಗ ಸುದ್ದಿಯ ಜಾಲತಾಣ ತೆರೆದಾಗಲೆಲ್ಲ ನಾನು ಮೊದಲು ತಳಕ್ಕೆ ಇಳಿದು ಅದನ್ನೇ ಹುಡುಕುತ್ತೇನೆ. 2021ರ ನಿಯಮದಿಂದಾಗಿ ದೂರು ಕೇಳುವ ಅಧಿಕಾರಿಯ ಹೆಸರು ಹಲವು ಕಡೆ ಸಿಗುತ್ತದೆ. ಸಂಪಾದಕರ ಹೆಸರು ಕೆಲವು ಕಡೆ ಎಷ್ಟು ಇಳಿದರೂ ಸಿಗುವುದಿಲ್ಲ.